ಕ್ಯಾನ್ಸರ್ ಸೆಲ್ ಪಕ್ಕದ ಟಿಶ್ಯೂ ಒಳಗೆ ನುಗ್ಗೋದು ಹೇಗೆ? ಕರಗಿಸ್ಕೊಂಡಾ, ತಳ್ಕೊಂಡಾ?

ಅರ್ಧರಾತ್ರಿ_ಓದು:
ಎಲ್ರಿಗೂ ನಮಸ್ಕಾರ. ನಾನು ಓದಿದ್ದು ಕಾಮರ್ಸ್, ಬಯಾಲಜಿ ಹತ್ತನೇ ಕ್ಲಾಸಿಗೇ ಕೈಬಿಟ್ಟಿದ್ದು, ದಡ್ಡ ಪ್ರಶ್ನೆ ಅನ್ಸಿದ್ರೆ ಬೈಬೇಡಿ. ಅಮ್ಮಂಗೆ ಬ್ರೆಸ್ಟ್ ಬಯಾಪ್ಸಿ ಆಗಿ ರಿಪೋರ್ಟ್ ಬಂದಿದೆ. ಮೇಲ್ಗಡೆ ಡಿಸಿಐಎಸ್ (ಡಕ್ಟಲ್ ಕಾರ್ಸಿನೋಮಾ ಇನ್ ಸಿಟು) ಅಂತಿದೆ, ಕೆಳಗೆ ಸ್ಟ್ರೋಮಲ್ ಇನ್ವೇಷನ್ ಕಾಣ್ಲಿಲ್ಲ ಅಂತಿದೆ, ಅದರ ಕೆಳಗೆ ಪಿ63 ಪಾಸಿಟಿವ್ ಅಂತಿದೆ. ಡಾಕ್ಟರನ್ನ ನೋಡೋದು ಮುಂದಿನ ವಾರ, ಅಲ್ಲೀವರೆಗೆ ನಿದ್ದೆ ಇಲ್ಲ, ಫೋನ್ ಹಿಡ್ಕೊಂಡು ಓದ್ತಾ ಕೂತಿದೀನಿ. ಟ್ರೀಟ್‌ಮೆಂಟ್ ಏನು ಅಂತ ಇಲ್ಲಿ ಕೇಳ್ತಿಲ್ಲ, ಅದನ್ನ ಡಾಕ್ಟರೇ ಹೇಳ್ತಾರೆ. ತಲೆ ಕೊರೀತಿರೋದು ಇಷ್ಟೇ: ಈ ಇನ್ವೇಷನ್ ಅನ್ನೋದು ಆಗೋದಾದ್ರೂ ಹೇಗೆ? ಗಡ್ಡೆ ಬೆಳೆದು ಬೆಳೆದು ಜಾಗ ಸಾಲ್ದೆ ಪಕ್ಕಕ್ಕೆ ಒತ್ತತ್ತಾ, ಇಲ್ಲಾ ಆಸಿಡ್ ತರ ಏನಾದ್ರೂ ಬಿಟ್ಟು ಸುತ್ತಮುತ್ತ ಕರಗಿಸತ್ತಾ? ಸೆಲ್‌ಗೆ ಕೈಯಿಲ್ಲ ಹಲ್ಲಿಲ್ಲ, ಗೋಡೆ ಹೇಗೆ ಒಡೆಯತ್ತೆ?

ಪೆಟ್ರಿಡಿಶ್_ಪಾಪಿ:
ದಡ್ಡ ಪ್ರಶ್ನೆ ಅಲ್ವೇ ಅಲ್ಲ, ಇದರ ಮೇಲೇ ನಾನು ಐದು ವರ್ಷ ಪಿಎಚ್‌ಡಿ ಅಂತ ಕಳೆದಿದ್ದು. ಮೊದಲು ಗೋಡೆ ಏನು ಅಂತ ನೋಡೋಣ. ಹಾಲಿನ ನಾಳ ಇರ್ಲಿ, ಕರುಳಿನ ಒಳಪದರ ಇರ್ಲಿ, ಚರ್ಮ ಇರ್ಲಿ, ಎಲ್ಲಾ ಕಡೆ ಎಪಿಥೀಲಿಯಲ್ ಸೆಲ್‌ಗಳು ಒಂದು ತೆಳು ಪೊರೆ ಮೇಲೆ ಸಾಲಾಗಿ ಕೂತಿರ್ತಾವೆ. ಅದಕ್ಕೆ ಬೇಸ್‌ಮೆಂಟ್ ಮೆಂಬ್ರೇನ್ ಅಂತಾರೆ. ತೆಳು ಅಂದ್ರೆ ಎಲೆಕ್ಟ್ರಾನ್ ಮೈಕ್ರೋಸ್ಕೋಪಲ್ಲಿ 50ರಿಂದ 100 ನ್ಯಾನೋಮೀಟರ್ ಅಷ್ಟೇ ಕಾಣತ್ತೆ. ಆದ್ರೆ ಗಟ್ಟಿ ಅಂದ್ರೆ ಗಟ್ಟಿ, ಟೈಪ್ 4 ಕೊಲಾಜನ್ ಒಂದು ಬಲೆ, ಲ್ಯಾಮಿನಿನ್ ಇನ್ನೊಂದು ಬಲೆ, ಎರಡನ್ನೂ ಸೇರಿಸಿ ಹೊಲಿದ ಹಾಗೆ ನಿಡೋಜನ್, ಪರ್ಲಿಕಾನ್ ಅಂತ ಬೇರೆ ಪ್ರೋಟೀನ್‌ಗಳು. ಆ ಬಲೆಯಲ್ಲಿ ತೂತುಗಳು ಇರೋದು ಕೆಲವು ಹತ್ತು ನ್ಯಾನೋಮೀಟರ್ ಅಗಲ, ಸೆಲ್ಲಿನ ನ್ಯೂಕ್ಲಿಯಸ್ ಇರೋದು ಹಲವು ಮೈಕ್ರಾನ್, ಅಂದ್ರೆ ತೂತಿಗಿಂತ ನೂರು ಪಟ್ಟು ದೊಡ್ಡದು. ಸುಮ್ನೆ ತೂರ್ಕೊಂಡು ಹೋಗೋಕಾಗಲ್ಲ.

ನಿಮ್ಮ ರಿಪೋರ್ಟ್‌ನ "ಇನ್ ಸಿಟು" ಅನ್ನೋ ಮಾತಿನ ಅರ್ಥ ಇದೇ, ಇದ್ದ ಜಾಗದಲ್ಲೇ, ಪೊರೆ ದಾಟಿಲ್ಲ ಅಂತ. ಪೊರೆಯ ಆ ಕಡೆ ಇರೋ ಭಾಗಕ್ಕೆ ಸ್ಟ್ರೋಮಾ ಅಂತಾರೆ. ರಕ್ತನಾಳ, ಲಿಂಫ್ ನಾಳ ಎಲ್ಲಾ ಇರೋದು ಆ ಕಡೆಗೇ.

ಇನ್ನು ಒಡೆಯೋದು ಹೇಗೆ ಅಂದ್ರೆ, ಮುಖ್ಯವಾಗಿ ಕತ್ತರಿಯಿಂದ. ಮ್ಯಾಟ್ರಿಕ್ಸ್ ಮೆಟಲೋಪ್ರೋಟಿನೇಸ್ ಅಂತ ಎನ್‌ಜೈಮ್ ಕುಟುಂಬ ಇದೆ (ಮ್ಯಾಟ್ರಿಕ್ಸ್ ಅಂದ್ರೆ ಸೆಲ್‌ಗಳ ಸುತ್ತ ಇರೋ ಪ್ರೋಟೀನ್ ಬಲೆ), ಎಂಎಂಪಿ ಅಂತ ಕರೀತೀವಿ, ಮನುಷ್ಯರಲ್ಲಿ 23 ಇವೆ, ಎಲ್ಲದರ ಹೊಟ್ಟೇಲೂ ಒಂದು ಸತುವಿನ ಅಯಾನ್ ಕೂತು ಕತ್ತರಿಸೋ ಕೆಲಸ ಮಾಡತ್ತೆ. ತಮಾಷೆ ಅಂದ್ರೆ ಇದು ಮೊದಲು ಸಿಕ್ಕಿದ್ದು ಕ್ಯಾನ್ಸರಲ್ಲೇ ಅಲ್ಲ. 1962ರಲ್ಲಿ ಜೆರೋಮ್ ಗ್ರಾಸ್ ಮತ್ತೆ ಶಾರ್ಲ್ ಲಾಪಿಯೇರ್ ಅನ್ನೋರು ಗೊದಮೊಟ್ಟೆ ಕಪ್ಪೆ ಆಗೋವಾಗ ಅದರ ಬಾಲ ಎಲ್ಲಿಗೆ ಹೋಗತ್ತೆ ಅಂತ ನೋಡೋಕೆ ಹೋಗಿ, ಕೊಲಾಜನ್ ಕತ್ತರಿಸೋ ಎನ್‌ಜೈಮ್ ಇದೆ ಅಂತ ಕಂಡುಹಿಡಿದ್ರು. ಅಂದ್ರೆ ಇದು ಕ್ಯಾನ್ಸರ್ ಹೊಸದಾಗಿ ಮಾಡಿದ ಆಯುಧ ಅಲ್ಲ. ಗಾಯ ಮಾಯೋವಾಗ, ಮೂಳೆ ಬೆಳೆಯೋವಾಗ ನಮ್ಮ ದೇಹ ದಿನಾ ಬಳಸೋ ಸಾಮಾನೇ.

ಬಯೋ_ಬ್ಯಾಕ್‌ಬೆಂಚ್:
ಗುರು ಒಂದು ಡೌಟು, ನಾನು ಎಂಎಸ್ಸಿ ಮೊದಲ ವರ್ಷ. ನಮ್ಮ ನೋಟ್ಸಲ್ಲಿ "ಕ್ಯಾನ್ಸರ್ ಸೆಲ್ ಎಂಎಂಪಿ ಸ್ರವಿಸಿ ಮ್ಯಾಟ್ರಿಕ್ಸ್ ಕರಗಿಸುತ್ತದೆ" ಅಂತ ಒಂದೇ ಲೈನ್ ಇದೆ. ಹಾಗೆ ಕರಗಿಸ್ತಾ ಹೋದ್ರೆ ತಾನು ನಿಂತಿರೋ ನೆಲಾನೂ ಕರಗಿ ಹೋಗಲ್ವಾ? ಹಿಡ್ಕೊಳ್ಳೋಕೆ ಏನೂ ಇಲ್ದೆ ಮುಂದೆ ಹೇಗೆ ಹೋಗತ್ತೆ?

ಪೆಟ್ರಿಡಿಶ್_ಪಾಪಿ:
ಆ ಒಂದು ಲೈನು ನೋಡಿದ್ರೆ ನಂಗೆ ಮೈ ಉರಿಯತ್ತೆ. ಸೆಲ್ ಸುತ್ತ ಎನ್‌ಜೈಮ್ ಚೆಲ್ಲಾಡಿ ಎಲ್ಲಾ ನೀರಾಗಿಸತ್ತೆ ಅನ್ನೋ ಚಿತ್ರ ತಪ್ಪು. ನೀನು ಕೇಳಿದ್ದು ಸರಿಯಾಗೇ ಇದೆ, ಸೆಲ್‌ಗೆ ಹಿಡ್ಕೊಳ್ಳೋಕೆ ಮ್ಯಾಟ್ರಿಕ್ಸ್ ಬೇಕು. ಇಂಟೆಗ್ರಿನ್ ಅನ್ನೋ ಪ್ರೋಟೀನ್‌ಗಳೇ ಅದರ ಕೊಕ್ಕೆ, ಮುಂದಿನ ಎಳೆಗೆ ಸಿಗಿಸಿ ಮೈ ಎಳ್ಕೊಂಡು ಹೋಗತ್ತೆ. ಹಾಗಾಗಿ ಕತ್ತರಿ ಎಲ್ಲಿ ಬೇಕೋ ಅಲ್ಲಿ ಮಾತ್ರ ಬೀಳ್ಬೇಕು.

ಅದಕ್ಕೆ ಏನೇನು ವ್ಯವಸ್ಥೆ ಇದೆ ನೋಡು. ಎಂಎಂಪಿ ಹುಟ್ಟುವಾಗಲೇ ಬಾಯಿಗೆ ಬೀಗ ಹಾಕ್ಕೊಂಡು ಹುಟ್ಟತ್ತೆ, ಪ್ರೋಟೀನಿನ ಮೊದಲ ತುಂಡಲ್ಲಿರೋ ಒಂದು ಸಿಸ್ಟೀನ್ ಬಂದು ಆ ಸತುವನ್ನ ಹಿಡ್ಕೊಂಡಿರತ್ತೆ, ಆ ತುಂಡು ಕಳಚಿದ್ರೆ ಮಾತ್ರ ಕೆಲಸ ಶುರು. ಅದರ ಮೇಲೆ ಟಿಂಪ್ ಅಂತ ನಾಲ್ಕು ಕಾವಲುಗಾರ ಪ್ರೋಟೀನ್‌ಗಳು ಹೊರಗಡೆ ಓಡಾಡ್ಕೊಂಡು ಸಿಕ್ಕ ಎಂಎಂಪಿನ ಹಿಡಿದು ಕೂರಿಸ್ತಾವೆ. ಇಷ್ಟೆಲ್ಲಾ ಇರೋವಾಗ ಹೊರಗೆ ಚೆಲ್ಲಿದ ಎನ್‌ಜೈಮ್ ತುಂಬಾ ದೂರ ಹೋಗಲ್ಲ.

1994ರಲ್ಲಿ ಜಪಾನಿನ ಸಾಟೊ, ಸೈಕಿ ಅವರ ತಂಡ ಒಂದು ಬೇರೆ ತರದ ಎಂಎಂಪಿ ತೋರಿಸ್ತು, ಇದು ಹೊರಗೆ ಹೋಗೋದೇ ಇಲ್ಲ, ಸೆಲ್ಲಿನ ಮೈಗೇ ಅಂಟ್ಕೊಂಡಿರತ್ತೆ. ಎಂಟಿ1-ಎಂಎಂಪಿ, ಇಲ್ಲಾ ಎಂಎಂಪಿ14. ಕಥೆಯ ವಿಲನ್ ಯಾರು ಅಂತ ಕೇಳಿದ್ರೆ ನಾನು ಇದನ್ನೇ ತೋರಿಸೋದು. ಇದು ತಾನೂ ಕೊಲಾಜನ್ ಕತ್ತರಿಸತ್ತೆ, ಎಂಎಂಪಿ2ರ ಬೀಗಾನೂ ತೆಗೆಯತ್ತೆ. ಆ ಬೀಗ ತೆಗೆಯೋ ರೀತಿ ಓದಿದಾಗ ನಾನು ನಗ್ತಾ ಕೂತಿದ್ದೆ: ಕಾವಲುಗಾರ ಅಂದೆನಲ್ಲ ಟಿಂಪ್, ಅದರಲ್ಲಿ ಎರಡನೇದನ್ನ ಒಂದು ಎಂಟಿ1 ಹಿಡ್ಕೊಳ್ಳತ್ತೆ, ಆ ಟಿಂಪ್ ಬೀಗ ಹಾಕಿರೋ ಎಂಎಂಪಿ2ನ ಹಿಡ್ಕೊಳ್ಳತ್ತೆ, ಪಕ್ಕದಲ್ಲಿ ಖಾಲಿ ಇರೋ ಇನ್ನೊಂದು ಎಂಟಿ1 ಬಂದು ಕಚಕ್ ಅಂತ ಬೀಗ ಕತ್ತರಿಸತ್ತೆ. ಅಂದ್ರೆ ಕಾವಲುಗಾರನ್ನೇ ಹಿಡಿಕೆ ಮಾಡ್ಕೊಂಡು ಕಳ್ಳತನ.

ಮತ್ತೆ ಈ ಎಂಟಿ1 ಸೆಲ್ಲಿನ ಮೈ ತುಂಬಾ ಹರಡಿರಲ್ಲ. ಸೆಲ್ ತನ್ನ ಹೊಟ್ಟೆ ಕೆಳಗಿಂದ ಸಣ್ಣ ಸಣ್ಣ ಮೊಳೆ ತರದ ಕಾಲು ಹೊರಡಿಸತ್ತೆ, ಇನ್ವಡೊಪೋಡಿಯಾ ಅಂತ, ಒಂದೊಂದೂ ಹೆಚ್ಚುಕಮ್ಮಿ ಒಂದು ಮೈಕ್ರಾನ್ ದಪ್ಪ. ಒಳಗೆ ಆಕ್ಟಿನ್ ಅನ್ನೋ ಪ್ರೋಟೀನಿನ ಎಳೆಗಳು ಬೆಳೀತಾ ಮುಂದಕ್ಕೆ ತಳ್ತಿರ್ತಾವೆ, ತುದಿಗೆ ಎಂಟಿ1-ಎಂಎಂಪಿ ಸಾಗಿಸಿ ಕೊಡ್ತಾ ಇರ್ತಾವೆ. ತಳ್ಳೋದು, ಕತ್ತರಿಸೋದು ಎರಡೂ ಒಂದೇ ಜಾಗದಲ್ಲಿ ನಡೆಯತ್ತೆ. ಮೂಲ ಪ್ರಶ್ನೆಗೆ ಉತ್ತರ ಅದೇ, ಕರಗಿಸೋದಾ ತಳ್ಳೋದಾ ಅಂದ್ರೆ ಎರಡೂ.

ಲ್ಯಾಬಲ್ಲಿ ಇದನ್ನ ನೋಡೋದು ಬಹಳ ಸುಲಭ. ಗಾಜಿನ ಮೇಲೆ ಹೊಳೆಯೋ ಬಣ್ಣ ಸೇರಿಸಿದ ಜೆಲಾಟಿನ್ ತೆಳ್ಳಗೆ ಬಳಿದು, ಮೇಲೆ ಕ್ಯಾನ್ಸರ್ ಸೆಲ್ ಬಿಟ್ಟು, ರಾತ್ರಿ ಮನೆಗೆ ಹೋಗಿ ಬೆಳಿಗ್ಗೆ ಬಂದು ನೋಡಿದ್ರೆ ಹಸಿರು ಹಾಳೆ ಮೇಲೆ ಕಪ್ಪು ಕಪ್ಪು ಚುಕ್ಕಿ. ಸೆಲ್ ಇದ್ದ ಪೂರ್ತಿ ಜಾಗ ಕಪ್ಪಾಗಿರಲ್ಲ, ಚುಕ್ಕಿ ಮಾತ್ರ, ಹುಳ ಕೊರೆದ ಎಲೆ ತರ. ಮೊದಲ ಸಲ ನೋಡಿದ ದಿನ ಖುಷಿಯಾಗಿ ಫೋಟೋ ತೆಗೆದು ಎಲ್ರಿಗೂ ಕಳಿಸಿದ್ದೆ, ಆಮೇಲೆ ಏನು ನೋಡಿ ಖುಷಿ ಪಡ್ತಿದೀನಿ ಅಂತ ಯೋಚನೆ ಬಂದು ಒಂಥರಾ ಆಯ್ತು.

ಸುಮ್ನೆ_ಕೇಳ್ದೆ:
ಹಾಗಾದ್ರೆ ಸಿಂಪಲ್ ಅಲ್ವಾ, ಈ ಕತ್ತರಿ ನಿಲ್ಲಿಸೋ ಮಾತ್ರೆ ಕೊಟ್ರೆ ಆಯ್ತು. ಇಷ್ಟು ವರ್ಷದಿಂದ ಗೊತ್ತಿದ್ರೂ ಯಾಕೆ ಮಾಡಿಲ್ಲ? ಕಾಯಿಲೆ ವಾಸಿ ಆದ್ರೆ ಕಂಪನಿಗಳಿಗೆ ನಷ್ಟ ಅಂತ ತಾನೇ?

ಪೆಟ್ರಿಡಿಶ್_ಪಾಪಿ:
ಮಾಡಿದ್ರು ಸ್ವಾಮಿ, ಮಾಡಿ ಕೈ ಸುಟ್ಕೊಂಡ್ರು. 1990ರ ದಶಕದಲ್ಲಿ ಬಟಿಮಸ್ಟಾಟ್, ಮರಿಮಸ್ಟಾಟ್, ಪ್ರಿನೊಮಸ್ಟಾಟ್, ಟನೊಮಸ್ಟಾಟ್ ಅಂತ ಸಾಲು ಸಾಲು ಔಷಧಿ ಬಂದ್ವು. ಕಂಪನಿಗಳು ಬಚ್ಚಿಡೋದಿರ್ಲಿ, ಪೈಪೋಟಿ ಮೇಲೆ ದುಡ್ಡು ಸುರಿದ್ವು. ಇಲಿಗಳಲ್ಲಿ ಚೆನ್ನಾಗೇ ಕೆಲಸ ಮಾಡ್ತಿತ್ತು. ಮನುಷ್ಯರಲ್ಲಿ ಮರಿಮಸ್ಟಾಟ್ ತಗೊಂಡವರಿಗೆ ಕೀಲು ನೋವು, ಭುಜ ಕೈ ಬಿಗಿದುಕೊಳ್ಳೋದು ಶುರುವಾಯ್ತು, ಯಾಕಂದ್ರೆ ಆಗ್ಲೇ ಹೇಳಿದ್ನಲ್ಲ, ಇದು ದೇಹ ದಿನಾ ಬಳಸೋ ಕತ್ತರಿ. ಟನೊಮಸ್ಟಾಟ್‌ದು ಇನ್ನೂ ಕೆಟ್ಟ ಕಥೆ, ಒಂದು ತರದ ಶ್ವಾಸಕೋಶದ ಕ್ಯಾನ್ಸರ್ ಟ್ರಯಲಲ್ಲಿ ಔಷಧಿ ತಗೊಂಡವರೇ ಸುಳ್ಳು ಮಾತ್ರೆ ತಗೊಂಡವರಿಗಿಂತ ಬೇಗ ಹದಗೆಟ್ಟು 1999ರಲ್ಲಿ ನಿಲ್ಲಿಸಬೇಕಾಯ್ತು.

ಯಾಕೆ ಅನ್ನೋಕೆ ಕಾರಣ ಒಂದೇ ಅಲ್ಲ. ಎಲ್ಲಾ ಎಂಎಂಪಿಗಳೂ ಕ್ಯಾನ್ಸರ್ ಕಡೆಯವಲ್ಲ, ಎಂಎಂಪಿ8 ಇಲ್ಲದ ಗಂಡು ಇಲಿಗಳಿಗೆ ಚರ್ಮದ ಗಡ್ಡೆ ಜಾಸ್ತಿ ಬಂದಿದ್ದನ್ನ 2003ರಲ್ಲಿ ತೋರಿಸಿದ್ರು, ಅಂದ್ರೆ ಅದು ಕಾಯೋ ಕೆಲಸ ಮಾಡ್ತಿತ್ತು. ಈ ಔಷಧಿಗಳು ಒಳ್ಳೇದು ಕೆಟ್ಟದ್ದು ನೋಡ್ದೆ ಎಲ್ಲಾನೂ ಮುಚ್ಚಿಬಿಡ್ತಿದ್ವು. ಇನ್ನೊಂದು, ಟ್ರಯಲ್‌ಗೆ ಬಂದವರಲ್ಲಿ ಬಹಳ ಜನ ಕ್ಯಾನ್ಸರ್ ಆಗ್ಲೇ ಹರಡಿದವರು. ಕಳ್ಳ ಒಳಗೆ ಬಂದು ಕೂತ ಮೇಲೆ ಬಾಗಿಲಿಗೆ ಹೊಸ ಬೀಗ ಹಾಕಿದ ಹಾಗೆ.

ಸುಮ್ನೆ_ಕೇಳ್ದೆ:
ಸರಿ, ಇಲಿ ವಿಷಯ ಗೊತ್ತಿರ್ಲಿಲ್ಲ. ಆದ್ರೂ ಎಲ್ಲಾ ಕತ್ತರಿ ಮುಚ್ಚಿದ್ರೆ ಸೆಲ್ ಅಲ್ಲೇ ನಿಲ್ಬೇಕು ತಾನೇ, ಲಾಜಿಕ್ ಪ್ರಕಾರ?

ಬಯೋ_ಬ್ಯಾಕ್‌ಬೆಂಚ್:
ಇದು ನಂಗೆ ಗೊತ್ತು, ಸೆಮಿನಾರ್ ಕೊಟ್ಟಿದ್ದೆ! 2003ರಲ್ಲಿ ಫ್ರೀಡಲ್ ಅವರ ಲ್ಯಾಬಿನೋರು ಸೆಲ್‌ಗಳನ್ನ ಕೊಲಾಜನ್ ಜೆಲ್ ಒಳಗಿಟ್ಟು ಪ್ರೋಟಿಯೇಸ್, ಅಂದ್ರೆ ಪ್ರೋಟೀನ್ ಕತ್ತರಿಸೋ ಎನ್‌ಜೈಮ್, ಎಲ್ಲಾ ಬ್ಲಾಕ್ ಮಾಡಿದ್ರು, ಸೆಲ್ ನಿಲ್ಲಲಿಲ್ಲ, ಉದ್ದಕ್ಕಿದ್ದದ್ದು ದುಂಡಗಾಗಿ ಅಮೀಬಾ ತರ ಮೈ ಹಿಸುಕ್ಕೊಂಡು ಇದ್ದ ಸಂದಿಯಲ್ಲೇ ನುಸುಳಿ ಹೋಯ್ತು. ನೀನು ಚಾಪೆ ಕೆಳಗೆ ತೂರಿದ್ರೆ ನಾನು ರಂಗೋಲಿ ಕೆಳಗೆ ತೂರ್ತೀನಿ ಅಂತಾರಲ್ಲ ಹಾಗೆ.

ಇನ್ನೊಂದು ಇದಕ್ಕಿಂತ ಮಜ ಇದೆ, ಸಿ. ಎಲೆಗನ್ಸ್ ಅಂತ ಒಂದು ಮಿಲಿಮೀಟರ್ ಉದ್ದದ ಹುಳ, ಅದರಲ್ಲಿ ಆಂಕರ್ ಸೆಲ್ ಅಂತ ಒಂದಿದೆ, ಹುಳ ಬೆಳೆಯೋವಾಗ ಅದು ಕರೆಕ್ಟಾಗಿ ಟೈಮಿಗೆ ಬೇಸ್‌ಮೆಂಟ್ ಮೆಂಬ್ರೇನ್ ತೂತು ಮಾಡ್ಕೊಂಡು ಆ ಕಡೆ ಹೋಗತ್ತೆ, ಕ್ಯಾನ್ಸರ್ ಅಲ್ಲ ಏನಿಲ್ಲ, ಅದರ ಡ್ಯೂಟಿನೇ ಅದು. ಅದರಲ್ಲಿ ಎಂಎಂಪಿ ಜೀನ್ ಐದನ್ನೂ ತೆಗೆದುಬಿಟ್ರು, ಆದ್ರೂ ತಡವಾಗಿ ಹೋಯ್ತು, ಆ ಜಾಗಕ್ಕೆ ಮೈಟೋಕಾಂಡ್ರಿಯಾ ಎಲ್ಲಾ ತಂದು ಸೇರಿಸಿ ಆಕ್ಟಿನ್ ಜಾಸ್ತಿ ಮಾಡಿ ಬರೀ ರಟ್ಟೆ ಬಲದಲ್ಲಿ ಪೊರೆ ಹರಿದು ಹಾಕ್ತು. 2019ರ ಪೇಪರ್ ಅದು.

ಪೆಟ್ರಿಡಿಶ್_ಪಾಪಿ:
ಹುಳದ್ದು ಸೂಪರ್ ಉದಾಹರಣೆ. ಆದ್ರೆ 2003ರದಕ್ಕೆ ಒಂದು ತಕರಾರಿದೆ, ಸೆಮಿನಾರಲ್ಲಿ ಯಾರೂ ಕೇಳ್ಲಿಲ್ವಾ? ಲ್ಯಾಬಲ್ಲಿ ಬಳಸೋ ಕೊಲಾಜನ್‌ನ ತುಂಬಾ ಸಲ ಪೆಪ್ಸಿನ್ ಅನ್ನೋ ಜೀರ್ಣದ ಎನ್‌ಜೈಮ್ ಹಾಕಿ ತೆಗೆದಿರ್ತಾರೆ. ಆಗ ಪ್ರತಿ ಎಳೆಯ ಎರಡು ತುದಿ ಕತ್ತರಿಸಿ ಹೋಗಿರತ್ತೆ, ಎಳೆಗೆ ಎಳೆ ಗಂಟು ಬೀಳೋದು ಆ ತುದಿಗಳಲ್ಲೇ. ಗಂಟಿಲ್ಲದ ಬಲೆಯಲ್ಲಿ ಯಾರು ಬೇಕಾದ್ರೂ ನುಸುಳ್ತಾರೆ. ಸ್ಟೀಫನ್ ವೈಸ್ ಅವರ ತಂಡ ತುದಿ ಉಳಿಸ್ಕೊಂಡ ಕೊಲಾಜನಲ್ಲಿ ಮಾಡಿದಾಗ ಎಂಟಿ1-ಎಂಎಂಪಿ ಇಲ್ದೆ ಸೆಲ್ ಅಲ್ಲಾಡ್ಲಿಲ್ಲ. ಎರಡು ಕಡೆಯೋರೂ ವರ್ಷಗಟ್ಟಲೆ ಜಗಳ ಆಡಿದ್ರು, ಕಾನ್ಫರೆನ್ಸ್‌ಗೆ ಹೋದ್ರೆ ಅದೇ ಮನರಂಜನೆ.

2013ರಲ್ಲಿ ಫ್ರೀಡಲ್ ಕಡೆಯೋರೇ ಅಳತೆ ಹಾಕಿ ತೋರಿಸಿದ ಮೇಲೆ ನಂಗೆ ಸಮಾಧಾನ ಆಯ್ತು. ಸೆಲ್ಲಿನ ಮಿಕ್ಕ ಭಾಗ ಎಷ್ಟು ಬೇಕಾದ್ರೂ ಹಿಗ್ಗತ್ತೆ ಕುಗ್ಗತ್ತೆ, ಸಿಕ್ಕಿಹಾಕ್ಕೊಳ್ಳೋದು ನ್ಯೂಕ್ಲಿಯಸ್. ಸಂದಿ ಸುಮಾರು 7 ಚದರ ಮೈಕ್ರಾನ್‌ಗಿಂತ ಕಮ್ಮಿ ಆದ್ರೆ ಕತ್ತರಿ ಇಲ್ದೆ ಕ್ಯಾನ್ಸರ್ ಸೆಲ್ ಮುಂದೆ ಹೋಗಲ್ಲ, ಅದಕ್ಕಿಂತ ಜಾಸ್ತಿ ಇದ್ರೆ ಹಿಸುಕ್ಕೊಂಡು ಹೋಗತ್ತೆ. ಅಂದ್ರೆ ಕತ್ತರಿ ಬೇಕಾ ಬೇಡ್ವಾ ಅನ್ನೋದು ಗೋಡೆ ಮೇಲೆ ಹೋಗತ್ತೆ, ಅದಕ್ಕೇ ಒಂದೇ ಔಷಧಿಗೆ ಬಗ್ಗಲಿಲ್ಲ. ಹಾಗೆ ಹಿಸುಕ್ಕೊಂಡು ಹೋಗೋವಾಗ ಕೆಲವು ಸಲ ನ್ಯೂಕ್ಲಿಯಸ್ಸಿನ ಪೊರೆನೇ ಹರಿದು ಡಿಎನ್‌ಎಗೆ ಪೆಟ್ಟು ಬೀಳತ್ತೆ, ಸೆಲ್ ಅದನ್ನ ಹೊಲ್ಕೊಂಡು ಮತ್ತೆ ಹೊರಡತ್ತೆ. 2016ರಲ್ಲಿ ಎರಡು ತಂಡ ಬೇರೆ ಬೇರೆಯಾಗಿ ಇದರ ವೀಡಿಯೋ ತೆಗೆದ್ರು.

ಸ್ಲೈಡ್_ನೋಡೋಳು:
ನಾನು ಪೆಥಾಲಜಿಸ್ಟ್. ಸೆಲ್ ಬಯಾಲಜಿಯೋರು ಯಾವಾಗ್ಲೂ ಕ್ಯಾನ್ಸರ್ ಸೆಲ್ ಒಂದನ್ನೇ ಹೀರೋ ಮಾಡ್ತೀರ, ಅದಕ್ಕೆ ಸ್ವಲ್ಪ ನೀರು ಹಾಕೋಣ ಅಂತ ಬಂದೆ. ಮೈಕ್ರೋಸ್ಕೋಪ್ ಕೆಳಗೆ ನಾನು ನೋಡೋದ್ರಲ್ಲಿ ಗಡ್ಡೆಯ ಅರ್ಧಕ್ಕರ್ಧ ಕ್ಯಾನ್ಸರ್ ಸೆಲ್ಲೇ ಅಲ್ಲ. ಕೊಲಾಜನ್ ಎಳೆ ಕಟ್ಟೋ ಫೈಬ್ರೋಬ್ಲಾಸ್ಟು, ಕಸ ನುಂಗೋ ಮ್ಯಾಕ್ರೋಫೇಜು, ರಕ್ತನಾಳ. ಎಂಎಂಪಿಯಲ್ಲಿ ದೊಡ್ಡ ಪಾಲು ಮಾಡಿ ಕೊಡೋರು ಇವರೇ, ನಮ್ಮ ಸ್ವಂತ ಆರೋಗ್ಯವಂತ ಸೆಲ್‌ಗಳು! ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. 2007ರಲ್ಲಿ ಒಂದು ಪ್ರಯೋಗದಲ್ಲಿ ಫೈಬ್ರೋಬ್ಲಾಸ್ಟ್ ಮುಂದೆ ಮುಂದೆ ಹೋಗ್ತಾ ದಾರಿ ಕೊರೆಯೋದು, ಹಿಂದೆ ಕ್ಯಾನ್ಸರ್ ಸೆಲ್‌ಗಳು ಸಾಲಾಗಿ ಅದೇ ದಾರೀಲಿ ಬರೋದು ಸ್ಪಷ್ಟವಾಗಿ ಕಂಡಿದೆ. ಕ್ಯಾನ್ಸರ್ ಸೆಲ್ ಮೈ ಬಗ್ಗಿಸಿ ಕೆಲಸಾನೇ ಮಾಡ್ಲಿಲ್ಲ ಅಲ್ಲಿ.

ಇನ್ನೊಂದು, ಕರಗಿಸೋದು ಕರಗಿಸೋದು ಅಂತೀರಲ್ಲ, ಹಾಗಿದ್ರೆ ಇನ್ವೇಸಿವ್ ಗಡ್ಡೆ ಕೈಗೆ ಮೆತ್ತಗೆ ಸಿಗ್ಬೇಕಿತ್ತು. ಬಹಳಷ್ಟು ಸ್ತನದ ಗಡ್ಡೆಗಳು ಕಲ್ಲಿನ ಹಾಗಿರ್ತಾವೆ, ಕೊಯ್ದ್ರೆ ಚಾಕು ಕರ್ ಅನ್ನತ್ತೆ. ಯಾಕಂದ್ರೆ ಒಂದು ಕಡೆ ಒಡೀತಾ ಇನ್ನೊಂದು ಕಡೆ ಹೊಸ ಕೊಲಾಜನ್ ಕಟ್ತಾ ಇರ್ತಾವೆ, ಲೈಸಿಲ್ ಆಕ್ಸಿಡೇಸ್ ಅನ್ನೋ ಎನ್‌ಜೈಮ್ ಅದನ್ನ ಬಿಗಿಯಾಗಿ ಗಂಟು ಹಾಕತ್ತೆ. ಎಳೆಗಳೆಲ್ಲಾ ಗಡ್ಡೆಯಿಂದ ಹೊರಗಡೆಗೆ ನೇರವಾಗಿ ನಿಂತ್ಕೋತಾವೆ, ಸೆಲ್‌ಗಳು ಅದನ್ನೇ ಹಳಿ ಮಾಡ್ಕೊಂಡು ಹೊರಗೆ ಸಾಗ್ತಾವೆ.

ಪೆಟ್ರಿಡಿಶ್_ಪಾಪಿ:
ಒಪ್ಕೊಂಡೆ ಡಾಕ್ಟ್ರೇ. ಒಂದೇ ಸೇರಿಸ್ತೀನಿ, ಮ್ಯಾಟ್ರಿಕ್ಸ್ ಒಂದು ಗೋದಾಮು ಕೂಡ ಹೌದು, ಟಿಜಿಎಫ್ ಬೀಟಾ, ವಿಇಜಿಎಫ್ ತರದ ಗ್ರೋತ್ ಫ್ಯಾಕ್ಟರ್‌ಗಳನ್ನ ಅದು ಕಟ್ಟಿಹಾಕಿ ಇಟ್ಕೊಂಡಿರತ್ತೆ. ಗೋಡೆ ಒಡೆದ್ರೆ ದಾರಿನೂ ಸಿಗತ್ತೆ, ಬೆಳೆಯೋಕೆ ಸಾಮಾನೂ ಸಿಗತ್ತೆ. ಉಲ್ಟಾನೂ ಇದೆ, ಕೊಲಾಜನ್ 18 ಒಡೆದಾಗ ಬರೋ ಎಂಡೋಸ್ಟಾಟಿನ್ ಅನ್ನೋ ತುಂಡು ಹೊಸ ರಕ್ತನಾಳ ಬೆಳೆಯೋದನ್ನ ತಡೆಯತ್ತೆ, 1997ರಲ್ಲಿ ಸಿಕ್ಕಿದ್ದು.

ಪ್ರಕೃತಿ_ಪ್ರಿಯ:
ಇಷ್ಟೆಲ್ಲಾ ತಲೆ ಕೆಡಿಸ್ಕೋಬೇಡಿ. ಕ್ಯಾನ್ಸರ್ ಬದುಕೋದು ಆಸಿಡ್ ದೇಹದಲ್ಲಿ ಮಾತ್ರ. ಆಲ್ಕಲೈನ್ ನೀರು, ಸೋಡಾ ಪುಡಿ ತಗೊಂಡು ರಕ್ತ ಕ್ಷಾರ ಮಾಡ್ಕೊಂಡ್ರೆ ಟಿಶ್ಯೂ ಕರಗಿಸೋಕೆ ಅದಕ್ಕೆ ಆಗೋದೇ ಇಲ್ಲ.

ಸ್ಲೈಡ್_ನೋಡೋಳು:
ಇದರಲ್ಲಿ ಒಂದು ಚೂರು ನಿಜ ಇರೋದ್ರಿಂದಲೇ ಜನ ನಂಬ್ತಾರೆ, ಹಾಗಾಗಿ ಬಿಡಿಸಿ ಹೇಳ್ತೀನಿ. ಗಡ್ಡೆಯ ಸೆಲ್‌ಗಳು ಗ್ಲೂಕೋಸನ್ನ ಅರ್ಧಂಬರ್ಧ ಉರಿಸಿ ಲ್ಯಾಕ್ಟಿಕ್ ಆಸಿಡ್ ಹೊರಗೆ ಹಾಕ್ತಾವೆ, ಹಾಗಾಗಿ ಅದರ ಸುತ್ತ ಮಾತ್ರ ಸ್ವಲ್ಪ ಹುಳಿಯಾಗಿರತ್ತೆ, ಅಲ್ಲಿ ಕೆಥೆಪ್ಸಿನ್ ಅನ್ನೋ ಬೇರೆ ಜಾತಿ ಕತ್ತರಿಗಳು ಚೆನ್ನಾಗಿ ಕೆಲಸ ಮಾಡ್ತಾವೆ. ಹುಳಿ ಮಾಡೋದು ಗಡ್ಡೆ, ನೀವು ಕುಡಿದ ನೀರಲ್ಲ. 2009ರಲ್ಲಿ ಇಲಿಗಳಿಗೆ ಬೈಕಾರ್ಬನೇಟ್ ಕೊಟ್ಟಾಗ ಹರಡೋದು ಕಮ್ಮಿ ಆಯ್ತು, ನಿಜ, ಆದ್ರೆ ಇಲಿಯಲ್ಲಿ. ಮನುಷ್ಯರ ರಕ್ತದ ಪಿಎಚ್ 7.35ರಿಂದ 7.45ರ ಒಳಗೇ ಇರತ್ತೆ, ಕಿಡ್ನಿ ಮತ್ತೆ ಶ್ವಾಸಕೋಶ ಅದನ್ನ ಬಿಡಲ್ಲ. ಸೋಡಾ ತಿಂದು ತಿಂದು ಅದನ್ನ ಮೀರಿಸಿದ್ರೆ ಆಗೋದು ಆಲ್ಕಲೋಸಿಸ್, ಪೊಟ್ಯಾಶಿಯಂ ಇಳಿದು ಹೃದಯದ ಬಡಿತ ತಪ್ಪತ್ತೆ. ಈ ಥ್ರೆಡ್ ಶುರು ಮಾಡಿದವರು ಅಮ್ಮನ ರಿಪೋರ್ಟ್ ಹಿಡ್ಕೊಂಡು ಕೂತಿದಾರೆ, ದಯವಿಟ್ಟು ಇಂಥದ್ದನ್ನ ಇಲ್ಲಿ ಹಾಕ್ಬೇಡಿ.

ಮೂಳೆಮಾತು:
ಆಸಿಡ್ ಮಾತು ಬಂತಲ್ಲ, ನಿಜವಾಗಿ ಆಸಿಡ್ ಹಾಕಿ ಕರಗಿಸೋ ಜಾಗ ಒಂದಿದೆ, ಮೂಳೆ. ಅಲ್ಲೂ ಕ್ಯಾನ್ಸರ್ ಸೆಲ್ ತಾನು ಕರಗಿಸೋದು ಅಪರೂಪ, ಗಟ್ಟಿ ಮೂಳೆ ಮುಂದೆ ಅದರ ಆಟ ನಡೆಯಲ್ಲ. ಅದು ಪಿಟಿಎಚ್‌ಆರ್‌ಪಿ ಅಂತ ಒಂದು ಸಿಗ್ನಲ್ ಬಿಡತ್ತೆ, ಅದನ್ನ ಕೇಳಿ ಮೂಳೆ ಕಟ್ಟೋ ಸೆಲ್‌ಗಳು ರ್‍ಯಾಂಕ್ ಲಿಗಾಂಡ್ ಅನ್ನೋ ಇನ್ನೊಂದು ಸಿಗ್ನಲ್ ಜಾಸ್ತಿ ಮಾಡ್ತಾವೆ, ಅದನ್ನ ನೋಡಿ ಮೂಳೆ ತಿನ್ನೋ ಆಸ್ಟಿಯೋಕ್ಲಾಸ್ಟ್‌ಗಳು ಎದ್ದು ಕೂರ್ತಾವೆ, ಅವೇ ಆಸಿಡ್ ಸುರಿದು ಖನಿಜ ಕರಗಿಸಿ ಕೆಥೆಪ್ಸಿನ್ ಕೆ ಹಾಕಿ ಕೊಲಾಜನ್ ತಿಂದು ಮುಗಿಸ್ತಾವೆ. ಮೂಳೆ ಒಳಗಿದ್ದ ಟಿಜಿಎಫ್ ಬೀಟಾ ಹೊರಗೆ ಬಂದು ಮತ್ತೆ ಕ್ಯಾನ್ಸರ್ ಸೆಲ್‌ಗೇ ಶಕ್ತಿ ಕೊಡತ್ತೆ, ಸುತ್ತು ಮತ್ತೆ ಶುರು. ಖುಷಿ ವಿಷಯ ಅಂದ್ರೆ ಇಲ್ಲಿ ಔಷಧಿ ಗೆದ್ದಿದೆ. ಜೊಲೆಡ್ರೋನಿಕ್ ಆಸಿಡ್ ಇದೆ, 2010ರಿಂದ ಡೆನೊಸುಮಾಬ್ ಇದೆ, ಎರಡೂ ಹಿಡಿಯೋದು ಕ್ಯಾನ್ಸರನ್ನಲ್ಲ, ಆ ಆಸ್ಟಿಯೋಕ್ಲಾಸ್ಟನ್ನ. ಕ್ಯಾನ್ಸರ್ ವಾಸಿ ಆಗಲ್ಲ, ಆದ್ರೆ ಮೂಳೆ ಮುರಿಯೋದು ಕಮ್ಮಿ ಆಗತ್ತೆ.

ಸುಮ್ನೆ_ಕೇಳ್ದೆ:
ಕತ್ತರಿ ಕಿತ್ಕೊಳ್ಳೋಕೆ ಹೋಗಿ ಸೋತ್ರು, ಕೂಲಿಯವನನ್ನ ನಿಲ್ಲಿಸಿ ಗೆದ್ರು. ಕಂಪನಿ ಬಗ್ಗೆ ಹೇಳಿದ ಮಾತು ವಾಪಸ್ ತಗೊಂಡೆ, ಈ ವಿಷಯದ ಮಟ್ಟಿಗೆ ಮಾತ್ರ.

ಅರ್ಧರಾತ್ರಿ_ಓದು:
ಎಲ್ಲಾ ಎರಡೆರಡು ಸಲ ಓದಿದೆ, ಅರ್ಧ ಅರ್ಥ ಆಯ್ತು, ತುಂಬಾ ಥ್ಯಾಂಕ್ಸ್. ಡಾಕ್ಟರ್ ಸರ್, ಒಂದೇ ಒಂದು ಉಳಿದಿದೆ. ಆ ಪಿ63 ಪಾಸಿಟಿವ್. ನಿಜ ಹೇಳ್ಬೇಕು ಅಂದ್ರೆ ಮೂರು ದಿನದಿಂದ ಹೆದರಿಕೆ ಇರೋದೇ ಅದಕ್ಕೆ. ಪಾಸಿಟಿವ್ ಅಂದ್ರೆ ಇದೆ ಅಂತ ತಾನೇ, ಏನಿದೆ? ಅಮ್ಮಂಗೆ ಇನ್ನೂ ಆ ಲೈನ್ ತೋರಿಸಿಲ್ಲ.

ಸ್ಲೈಡ್_ನೋಡೋಳು:
ಮೊದಲನೇದು, ನಾನು ಸರ್ ಅಲ್ಲಪ್ಪಾ, ಮೇಡಂ, ಹೆಸರಲ್ಲೇ ನೋಡೋಳು ಅಂತಿದೆ. ಎರಡನೇದು, ನಿಮ್ಮ ಸ್ಲೈಡ್ ನಾನು ನೋಡಿಲ್ಲ, ಸಾಮಾನ್ಯವಾಗಿ ಈ ಪರೀಕ್ಷೆ ಯಾಕೆ ಮಾಡ್ತೀವಿ ಅಂತ ಮಾತ್ರ ಹೇಳ್ತೀನಿ.

ಹಾಲಿನ ನಾಳದಲ್ಲಿ ಬೇಸ್‌ಮೆಂಟ್ ಮೆಂಬ್ರೇನ್ ಒಳಮೈಗೆ ಇನ್ನೂ ಒಂದು ಕಾವಲು ಸಾಲು ಇರತ್ತೆ, ಮಯೋಎಪಿಥೀಲಿಯಲ್ ಸೆಲ್‌ಗಳು ಅಂತ. ಹಾಲನ್ನ ಹಿಂಡಿ ಹೊರಗೆ ಕಳಿಸೋ ಕೆಲಸ ಅವುಗಳದ್ದು, ಜೊತೆಗೆ ಆ ಪೊರೆನ ಕಟ್ಟಿ ಕಾಯ್ಕೊಂಡೂ ಇರ್ತಾವೆ. ಇನ್ವೇಸಿವ್ ಆದ ಕಡೆ ಈ ಸಾಲು ಇರಲ್ಲ. ಸಾಧಾರಣ ಬಣ್ಣದಲ್ಲಿ ಈ ಸೆಲ್‌ಗಳು ಸರಿಯಾಗಿ ಕಾಣಲ್ಲ ಅಂತ ಪಿ63 ಹಾಕ್ತೀವಿ, ಅವುಗಳ ನ್ಯೂಕ್ಲಿಯಸ್ ಕಂದು ಬಣ್ಣ ಆಗತ್ತೆ. ನಾಳದ ಸುತ್ತ ಕಂದು ಚುಕ್ಕಿಗಳ ಉಂಗುರ ಕಂಡ್ರೆ ಕಾವಲು ಸಾಲು ಇನ್ನೂ ನಿಂತಿದೆ ಅಂತ. ಡಿಸಿಐಎಸ್ ರಿಪೋರ್ಟಲ್ಲಿ ಪಿ63 ಪಾಸಿಟಿವ್ ಅಂತ ಬರೆಯೋದು ಸಾಮಾನ್ಯವಾಗಿ ಈ ಅರ್ಥದಲ್ಲಿ, ಇನ್ವೇಷನ್ ಕಾಣ್ಲಿಲ್ಲ ಅನ್ನೋದಕ್ಕೆ ಅದು ಸಾಕ್ಷಿ.

ಹಾಗಂತ ಪೂರ್ತಿ ನಿಶ್ಚಿಂತೆ ಅಂತಲೂ ಹೇಳಲ್ಲ. ಬಯಾಪ್ಸಿ ಅಂದ್ರೆ ಸೂಜಿಗೆ ಸಿಕ್ಕಷ್ಟು ಮಾತ್ರ. ಆಪರೇಷನ್ ಮಾಡಿ ಪೂರ್ತಿ ಭಾಗ ತೆಗೆದು ನೋಡಿದಾಗ ಕೆಲವರಲ್ಲಿ ಒಂದು ಕಡೆ ಪೊರೆ ದಾಟಿರೋದು ಸಿಗತ್ತೆ. ಒಂದು ಮಿಲಿಮೀಟರ್ ಒಳಗಿದ್ರೆ ಅದಕ್ಕೆ ಮೈಕ್ರೋಇನ್ವೇಷನ್ ಅಂತ ಬೇರೆ ಹೆಸರೇ ಇದೆ. ಹಾಗಾಗಿ ಮುಂದಿನ ವಾರ ಹೋದಾಗ ಗ್ರೇಡ್ ಎಷ್ಟು, ಎಷ್ಟು ಅಗಲಕ್ಕೆ ಇದೆ, ಹಾರ್ಮೋನ್ ರಿಸೆಪ್ಟರ್ ನೋಡಿದಾರಾ ಅಂತ ಕೇಳಿ. ಆಪರೇಷನ್ ಆದ ಮೇಲೆ ಅಂಚು ಕ್ಲಿಯರ್ ಇದ್ಯಾ ಅಂತ ಕೇಳಿ. ಮತ್ತೆ ಆ ಲೈನನ್ನ ಅಮ್ಮಂಗೆ ತೋರಿಸಿ.

ಅರ್ಧರಾತ್ರಿ_ಓದು:
ಮೇಡಂ ಸಾರಿ, ಅವಸರದಲ್ಲಿ ಹೆಸರು ನೋಡ್ಲೇ ಇಲ್ಲ. ನಾಲ್ಕೂ ಪ್ರಶ್ನೆ ಬರ್ಕೊಂಡೆ. ಅಮ್ಮಂಗೆ ಈಗಷ್ಟೇ ತೋರಿಸಿದೆ, ಅವರು ಅದನ್ನ ಮೊನ್ನೆನೇ ಓದಿದ್ರಂತೆ, ನಾನು ಹೆದರ್ತೀನಿ ಅಂತ ಅವರು ಬಾಯಿ ಬಿಟ್ಟಿರ್ಲಿಲ್ಲ.